ಸೊಸೆಯ ಕೈಗುಣ

ಮೊಸರಂಗಡಿಯ ಅಕ್ಕ ಎರಡು ಬಟ್ಟಲುಗಳನ್ನೂ ಒಟ್ಟಿಗೆ ಓರೆ ಮಾಡಿದಳು. ಎರಡಕ್ಕೂ ರಾತ್ರಿ ಒಂದೇ ಹೆಪ್ಪನ್ನು ತಾನೇ ಕೈಯಾರೆ ಹಾಕಿದ್ದಳು. ಪ್ಯಾಕೆಟ್ ಹಾಲು ಗಟ್ಟಿ ಮೊಸರಾಗಿ ಅಲುಗದೆ ಕೂತಿತ್ತು. ತಮ್ಮ ತಂದುಕೊಟ್ಟ ಹಾಲು ಮಾತ್ರ ಹಾಲಾಗಿಯೇ ತುಳುಕಿ ಅವಳ ಬೆರಳ ಮೇಲೆ ಹರಿಯಿತು. ಇವತ್ತಿನ ಹಾಲಿನ ಕ್ಯಾನು ಹಿಡಿದು ಬಾಗಿಲಲ್ಲಿ ನಿಂತಿದ್ದ ತಮ್ಮ ನೆಲ ನೋಡತೊಡಗಿದ.

“ಹಸೂಗೆ ಇಂಜೆಕ್ಷನ್ ಹಾಕ್ಸಿದ್ದೀಯಾ?”

“ಕೆಚ್ಚಲು ಬಾವು, ಅಕ್ಕ. ಮೊದಲ್ನೇ ಔಷಧಿ ಕ್ರಿಮಿಯ ಮೈಗೋಡೆ ಒಡೆದು ಸಾಯಿಸುತ್ತೆ ಅಂದ್ರು ಡಾಕ್ಟ್ರು. ಅದು ನಾಟ್ಲಿಲ್ಲ. ಈಗಿಂದು ಸಾಯ್ಸಲ್ಲ, ಬೆಳೆಯೋಕೆ ಬಿಡಲ್ಲ ಅಷ್ಟೆ.”

“ಹೆಪ್ಪಲ್ಲಿರೋದೂ ಅಂಥದ್ದೇ ಜೀವ ಕಣೋ! ಒಳ್ಳೇದ್ಯಾವ್ದು, ಕೆಟ್ಟದ್ಯಾವ್ದು ಅಂತ ಔಷಧಿಗೇನು ಗೊತ್ತು? ಆ ಹಾಲು ಚೆಲ್ಲು ಅಂತ ಹೇಳ್ಲಿಲ್ವಾ ಡಾಕ್ಟ್ರು?”

“ಹೇಳಿದ್ರು.”

ಮೊಸರು ಕೈಕೊಟ್ಟಾಗಲೆಲ್ಲ “ನಿನ್ನ ಸೊಸೆ ಕೈಗುಣಾನೇ ಸರಿಯಿಲ್ಲ ಬಿಡಕ್ಕ” ಎಂದು ಕಿವಿಯೂದಿದವನು ಇವನೇ. ಒಡಹುಟ್ಟಿದವನು ಸುಳ್ಳು ಹೇಳುತ್ತಾನೆಯೇ ಎಂದು ನಂಬಿ, ಅವಳು ಸೊಸೆಯನ್ನು ಹೆಪ್ಪಿನ ಪಾತ್ರೆಯ ಹತ್ತಿರಕ್ಕೂ ಬಿಟ್ಟುಕೊಂಡಿರಲಿಲ್ಲ. ಆ ಹುಡುಗಿ ಈಗಲೂ ಹಿಂಬಾಗಿಲಲ್ಲಿ ಕೂತು, ತಲೆಯೆತ್ತದೆ ಖಾಲಿ ಪಾತ್ರೆಗಳನ್ನು ಉಜ್ಜುತ್ತಿದ್ದಳು.

ಅಕ್ಕ ಒದ್ದೆ ಬೆರಳನ್ನು ಸೆರಗಿಗೆ ಒರೆಸಿಕೊಂಡು ಮೆಲ್ಲಗೆ ಕೇಳಿದಳು: “ನಿನ್ನ ಮಕ್ಕಳು ಯಾವ ಹಾಲು ಕುಡೀತಾವೆ?”

ತಮ್ಮ ಆಗಲೇ ಮುಚ್ಚಿದ್ದ ಕ್ಯಾನಿನ ಮುಚ್ಚಳವನ್ನು ಮತ್ತೆ ಅದುಮಿದ.

“ಅವಕ್ಕೆ... ಪ್ಯಾಕೆಟ್ ತರ್ತೀನಕ್ಕ.”