ರಾಹುಕಾಲ ರೋಣದ್ದು

ನಮ್ರತಾ ಮೌಖಿಕ ಪರೀಕ್ಷೆಗೆ ಸೀರೆ ಉಟ್ಟು ಬಂದದ್ದನ್ನು ಕಂಡು ಪರೀಕ್ಷಕಿಗೆ ಸಂತೋಷವಾಯಿತು. ಫ್ಲಾರೆನ್ಸಿನ ಆ ಸಣ್ಣ ಮ್ಯೂಸಿಯಮ್ಮಿನಲ್ಲಿ ಜೀನ್ಸು ತೊಟ್ಟು ಸರದಿ ಕಾಯುತ್ತಿದ್ದ ಉಳಿದ ವಿದ್ಯಾರ್ಥಿಗಳಿಗೆ, ಪರೀಕ್ಷೆಗೆ ಮರ್ಯಾದೆ ಕೊಡುವುದೆಂದರೆ ಹೀಗೆ ಎಂದು ತೋರಿಸಿಯೂ ಬಿಟ್ಟರು. ನಮ್ರತಾ ಸುಮ್ಮನೆ ನಕ್ಕಳು. ಸೀರೆ ಹನ್ನೊಂದರ ಪರೀಕ್ಷೆಗಲ್ಲ, ಹನ್ನೊಂದೂವರೆಯದಕ್ಕೆ. ಆ ಹೊತ್ತಿಗೆ ಅವಳ ಊರು ರೋಣದಲ್ಲಿ ಸಂಜೆ ನಾಲ್ಕು. ಅವಳನ್ನು ಫೋನಿನಲ್ಲಿ ನೋಡಲು ಗಜೇಂದ್ರಗಡದಿಂದ ಗಂಡಿನ ಕಡೆಯವರು ಅಜ್ಜಿಯ ಮನೆಗೆ ಬರುವವರಿದ್ದರು.

ಹಿಂದಿನ ದಿನ ಅಜ್ಜಿ ಕಾಶಿಬಾಯಿಯ ಜೊತೆ ಫೋನಿನಲ್ಲಿ ಇದೇ ವಾದ ನಡೆದಿತ್ತು.

“ಎರಡು ತಾಸು ಮೊದಲ ಇಡು ಅಜ್ಜಿ. ನನ್ನ ಪರೀಕ್ಷಾಕ್ಕಿಂತ ಮೊದಲ ಮುಗದು ಹೋಗಲಿ.”

“ಗುರುವಾರ ಮೂರರ ತನಕ ರಾಹುಕಾಲ.”

“ಇಲ್ಲೆ ಆವಾಗ ಇನ್ನೂ ಮುಂಜಾನಿ ಇರ್ತದ.”

“ಕನ್ಯಾ ನೋಡೋದು ರೋಣದಾಗ. ರಾಹುಕಾಲಾನೂ ರೋಣದ್ದ ಹಿಡೀಬೇಕು. ಮತ್ತ ಕೇಳು, ಓದು ಎಂದ ಮುಗೀತದ ಅಂತ ಅವರು ಕೇಳಿದ್ರ, ಬ್ಯಾಸಗಿಗೆ ಅನ್ನು. ನಾ ಹಂಗ ಹೇಳಿಟ್ಟೇನಿ.”

“ಇನ್ನೂ ಎರಡು ವರ್ಷ ಅದಲ್ಲ?”

“ಎರಡು ವರ್ಷದ ಮ್ಯಾಲೂ ಬ್ಯಾಸಗಿ ಬರ್ತದ. ಯಾವ ಬ್ಯಾಸಗಿ ಅಂತ ನೀ ಬಾಯಿ ಬಿಡಬ್ಯಾಡ.”

ಅಂದರೆ ವಿಷಯ ಇಷ್ಟೇ ಆಗಿತ್ತು: ಇವತ್ತು ಪಾಸಾದರೆ ಚಿತ್ರಕಲೆಯ ಓದು ಎರಡು ವರ್ಷ ಮುಂದುವರಿಯುತ್ತದೆ. ಫೇಲಾದರೆ ಅಜ್ಜಿ ಹೇಳಿದ್ದೇ ಖರೇ ಆಗುತ್ತದೆ.

ಇಟಾಲಿಯನ್ನಿನಲ್ಲಿ ವರ್ಣಿಸಬೇಕಿದ್ದ ಚಿತ್ರ ಐನೂರು ವರ್ಷ ಹಳೆಯದು. ದೇವದೂತ ಬಂದು ಕನ್ಯೆ ಮರಿಯಳಿಗೆ, ನಿನ್ನ ಹೊಟ್ಟೆಯಲ್ಲಿ ದೇವರ ಮಗ ಹುಟ್ಟುತ್ತಾನೆ ಎಂದು ತಿಳಿಸುವ ಪ್ರಸಂಗ. ನಮ್ರತಾ ಬಂಗಾರದ ರೇಕು, ಕಂಬಗಳ ಲೆಕ್ಕಾಚಾರ, ಬಿಳಿ ಹೂವಿನ ಅರ್ಥ ಎಲ್ಲವನ್ನೂ ಉರು ಹೊಡೆದಿದ್ದಳು. ಮೂರನೆಯ ವಾಕ್ಯಕ್ಕೇ ಪರೀಕ್ಷಕಿ ಕೈ ಎತ್ತಿದರು.

“ಬಾಯಿಪಾಠ ಸಾಕು. ಚಿತ್ರ ನೋಡು. ಕಂಡದ್ದನ್ನು ಹೇಳು.”

ನಮ್ರತಾ ನೋಡಿದಳು. ಗಡಿಯಾರವನ್ನೂ ನೋಡಿದಳು. ಉರು ಹೊಡೆದದ್ದೆಲ್ಲ ಒಮ್ಮೆಗೇ ಮರೆತುಹೋಯಿತು.

“ಹುಡುಗಿಯನ್ನು ನೋಡಲು ಬಂದಿದ್ದಾರೆ.”

“ಯಾರು?”

“ಗಂಡಿನ ಕಡೆಯವರು. ಹುಡುಗ ಬಂದಿಲ್ಲ, ಇವನು ನಡುವಿನವನು. ಮಾತುಕತೆ ಎಲ್ಲ ಮೊದಲೇ ಆಗಿದೆ. ಹುಡುಗಿಗೆ ಈಗ ಹೇಳುತ್ತಿದ್ದಾರೆ.”

“ಮತ್ತೆ ಆ ರೆಕ್ಕೆಗಳು?”

“ದೂರದ ಊರಿನವನು.”

ಪರೀಕ್ಷಕಿ ಕನ್ನಡಕ ತೆಗೆದು ಒರೆಸಿಕೊಂಡರು. ಎಷ್ಟೋ ವರ್ಷಗಳಿಂದ ಅದೇ ಚಿತ್ರದ ಮುಂದೆ ಪರೀಕ್ಷೆ ನಡೆಸಿದವರು. ರೆಕ್ಕೆಗೆ ಇಂಥ ಕಾರಣ ಕೇಳಿರಲಿಲ್ಲ.

“ಅವಳು ಒಪ್ಪುತ್ತಾಳೋ?”

ಅವಳು ಒಪ್ಪಿದಳು ಎಂಬುದರ ಮೇಲೆಯೇ ಆ ಊರಿನ ಚರ್ಚುಗಳೆಲ್ಲ ನಿಂತಿದ್ದವು. ಅದು ನಮ್ರತಾಗೂ ಗೊತ್ತಿತ್ತು. ಆದರೆ ಕಂಡದ್ದನ್ನು ಹೇಳಬೇಕಿತ್ತು.

“ಬಾಯಲ್ಲಿ ಹೂಂ ಅನ್ನಬಹುದು. ಕೈ ನೋಡಿ. ಪುಸ್ತಕ ಮುಚ್ಚಿದ್ದಾಳೆ, ಬೆರಳು ಒಳಗೇ ಬಿಟ್ಟಿದ್ದಾಳೆ. ಇವನು ಎದ್ದು ಹೋದ ಮೇಲೆ ಅದೇ ಪುಟದಿಂದ ಓದಬೇಕಲ್ಲ.”

ಪರೀಕ್ಷಕಿ ಎದ್ದು ಚಿತ್ರದ ಹತ್ತಿರ ಹೋಗಿ ಆ ಬೆರಳನ್ನು ತುಸು ಹೊತ್ತು ನೋಡಿದರು. ತಿರುಗಿ ಬಂದು ಪಟ್ಟಿಯಲ್ಲಿ ಏನೋ ಗೀಚಿದರು. “ನಿನ್ನ ಇಟಾಲಿಯನ್ ಎರಡು ವರ್ಷದಲ್ಲಿ ಸುಧಾರಿಸುತ್ತದೆ,” ಎಂದರು. “ಹೋಗು, ಪಾಸಾಗಿದ್ದೀ.”

ಹನ್ನೊಂದೂವರೆಗೆ ನಮ್ರತಾ ಅಂಗಳದ ಕಲ್ಲು ಬೆಂಚಿನ ಮೇಲೆ ಕುಳಿತು, ಪಠ್ಯಪುಸ್ತಕವನ್ನು ತೊಡೆಯ ಮೇಲೆ ತೆರೆದಿಟ್ಟುಕೊಂಡು ಕಾಯುತ್ತಿದ್ದಳು. ಎದುರಿನ ಕಟ್ಟೆಯ ಮೇಲೆ ನಿಲ್ಲಿಸಿಟ್ಟಿದ್ದ ಫೋನಿಗೆ ವಿಡಿಯೋ ಕರೆ ಬಂತು. ಕನ್ಯೆ ಮಣೆಯ ಮೇಲೆ ಕೂಡಬೇಕು, ಕನ್ಯೆ ಊರಲ್ಲಿಲ್ಲ. ಹಾಗಾಗಿ ಕಾಶಿಬಾಯಿ ಮಣೆ ಹಾಕಿ, ಸುತ್ತ ರಂಗೋಲಿ ಎಳೆದು, ಮಣೆಯ ಮೇಲೊಂದು ತಂಬಿಗೆಯಿಟ್ಟು ಅದಕ್ಕೆ ಫೋನನ್ನು ಆನಿಸಿ ಕೂಡಿಸಿದ್ದಳು. ಅಲ್ಲಿಂದ ನಮ್ರತಾಗೆ ಕಂಡದ್ದು ನಾಲ್ಕು ಮೊಳಕಾಲು, ಎರಡು ಉಪ್ಪಿಟ್ಟಿನ ತಾಟು. ಅದರಲ್ಲಿ ಎರಡು ಮೊಳಕಾಲು ಹುಡುಗ ಶ್ರೀಕೃಷ್ಣನವು. ಅವು ಒಂದೇ ಸಮನೆ ಅಲುಗುತ್ತಿದ್ದವು. ಅವನ ತಾಯಿ ಬಗ್ಗಿ ಫೋನಿಗೆ ಮುಖ ಕೊಟ್ಟರು.

“ಅಲ್ಲೆ ಅಡಗಿ ನೀನ ಮಾಡ್ಕೋತೀಯೇನು?”

“ಹೌದ್ರಿ.”

“ಚಲೋ ಆತು. ಓದು ಎಂದ ಮುಗೀತದ?”

“ಬ್ಯಾಸಗಿಗೆ,” ಎಂದು ಹಿಂದಿನಿಂದ ಕಾಶಿಬಾಯಿಯ ದನಿ ಬಂತು.

“ಇನ್ನೂ ಎರಡು ವರ್ಷ ಅದರಿ,” ಎಂದಳು ನಮ್ರತಾ. “ಈಗಷ್ಟ ಪಾಸಾಗಿ ಬಂದು ಕೂತೇನ್ರಿ.”

ಮೊಳಕಾಲುಗಳು ಅಲುಗುವುದನ್ನು ನಿಲ್ಲಿಸಿದವು. ಹುಡುಗನ ತಾಯಿ ಒಮ್ಮೆ ಕಾಶಿಬಾಯಿಯ ಕಡೆ ನೋಡಿ, ಮತ್ತೆ ಫೋನಿಗೆ ಬಗ್ಗಿದರು. ದನಿ ಮೊದಲಿಗಿಂತ ಮೆತ್ತಗಾಗಿತ್ತು.

“ವರ್ಷದ ಮಾತು ಆಮ್ಯಾಲೆ ನೋಡೂಣು. ಮದಲ ಆ ಪುಸ್ತಕ ಮುಚ್ಚು. ಸಮಾಧಾನಲೆ ಮಾತಾಡೂಣಂತ.”

“ಆತ್ರಿ,” ಎಂದು ನಮ್ರತಾ ಪುಸ್ತಕ ಮುಚ್ಚಿದಳು.

ಆಗ ಕಾಶಿಬಾಯಿ ಬಂದು ಮಣೆಯ ಮೇಲಿನ ಫೋನನ್ನು ಎತ್ತಿಕೊಂಡಳು. ಮೊಮ್ಮಗಳನ್ನು ಬೈಯಲು ಬಾಯಿ ತೆರೆದವಳು, ಹಾಗೇ ನಿಂತು ಮುಚ್ಚಿದ ಪುಸ್ತಕವನ್ನು ನೋಡಿದಳು; ಅದರೊಳಗೆ ಉಳಿದಿದ್ದ ಬೆರಳನ್ನು ನೋಡಿದಳು. ಅವಳಿಗೆ ಚಿತ್ರ ನೋಡುವುದನ್ನು ಯಾರೂ ಕಲಿಸಿರಲಿಲ್ಲ, ಕಲಿಸಬೇಕಾಗಿಯೂ ಇರಲಿಲ್ಲ.

“ಚಹಾ ತಗೋರಿ, ಆರ್ತದ,” ಎಂದಳು ಬಂದವರಿಗೆ. “ಗಜೇಂದ್ರಗಡದ ಬಸ್ಸಿಗೂ ಹೊತ್ತಾತು.”