ಊಟದ ಹೊತ್ತಿನ ಹಸಿರು

ಪಾಠ ತಲೆಗೆ ಹತ್ತಿದರೆ ಮಕ್ಕಳ ಕೊರಳಿನ ಬಿಲ್ಲೆ ಹಸಿರಾಗಿ ಹೊಳೆಯುತ್ತಿತ್ತು. ಯಾವ ಹೊತ್ತಿಗೆ ಎಷ್ಟು ಹೊಳೆದವೆಂಬ ವರದಿ ದಿನಾ ಜಿಲ್ಲಾ ಕಚೇರಿಗೆ ಹೋಗುತ್ತಿತ್ತು. ಶಕುಂತಲಾ ಟೀಚರ್ ಭಿನ್ನರಾಶಿ ಹೇಳಿ ಗಂಟಲು ಹರಿದುಕೊಂಡರೂ ಹೊಳೆಯದ ಬಿಲ್ಲೆಗಳು ಊಟದ ಬಿಡುವಿನಲ್ಲಿ ಮಾತ್ರ ಒಮ್ಮೆಲೇ ಹೊತ್ತುತ್ತಿದ್ದವು. 'ಕಾರಣ ತಿಳಿಸಿ' ಎಂದಿತು ಕಚೇರಿ. ಯಾರೋ ಬಿಲ್ಲೆಗಳಲ್ಲಿ ಕೈಚಳಕ ತೋರಿಸುತ್ತಿದ್ದಾರೆಂಬ ಗುಮಾನಿಯಲ್ಲಿ ಟೀಚರ್ ಅಡುಗೆ ಕೋಣೆಯ ಕಿಟಕಿಯಿಂದ ಇಣುಕಿದಳು.

ಅಡುಗೆಯ ನೀಲವ್ವ ಮೊಟ್ಟೆಯ ಬುಟ್ಟಿ ಹಿಡಿದು ಮಕ್ಕಳ ಮುಂದೆ ನಿಂತಿದ್ದಳು. "ನೀವು ಎಂಟು ಮಂದಿ, ತತ್ತಿ ಆರ ಅದಾವು. ಒಬ್ಬೊಬ್ಬರ ಪಾಲಿಗೆ ಎಷ್ಟ ಬರತೈತಿ, ಹೇಳ್ರಿ?"

"ಮುಕ್ಕಾಲು!"

ಎಂಟೂ ಬಿಲ್ಲೆ ಫಳಕ್ಕನೆ ಹೊತ್ತಿದವು.

ಟೀಚರನ್ನು ಕಂಡು ನೀಲವ್ವ ಗಾಬರಿಯಾದಳು. "ತಪ್ಪಾತೇನ್ರಿ ಅಕ್ಕೋರ? ನಾ ಸಾಲಿ ಕಲ್ತಾಕಿ ಅಲ್ರಿ."

ಆ ಮಾತೇ ಟೀಚರಿಗೆ ಚುಚ್ಚಿತು. ಕಚೇರಿಗೆ ಕೊಡುವ ಉತ್ತರದಲ್ಲಿ ನೀಲವ್ವನ ಹೆಸರು ಬರೆಯಲು ಕೈ ಬರಲಿಲ್ಲ. 'ಮಧ್ಯಾಹ್ನದ ಹೊತ್ತು ಮಕ್ಕಳ ಬುದ್ಧಿ ಚುರುಕು' ಎಂದು ಬರೆದು ಕಳಿಸಿದಳು.

ಸೋಮವಾರ ಆದೇಶ ಬಂತು: 'ಊಟದ ಬಿಡುವು ಹತ್ತು ನಿಮಿಷ. ಉಳಿದ ಹೊತ್ತು ಗಣಿತ. ಅನ್ನ, ಮೊಟ್ಟೆ ಹಂಚುತ್ತ ಕಾಲ ಕಳೆಯತಕ್ಕದ್ದಲ್ಲ.'

ಅಂದು ಮಧ್ಯಾಹ್ನ ಬೋರ್ಡಿನ ಮೇಲೆ ಮುಕ್ಕಾಲು ಬರೆದ ಟೀಚರಿಗೆ ಮಕ್ಕಳ ಬಿಲ್ಲೆಗಳ ಕಡೆ ತಿರುಗುವ ಧೈರ್ಯ ಬರಲಿಲ್ಲ.