ಕೌದಿಯೊಳಗಿನ ಕೈ

ಡಾಕ್ಟರ್ ಸಪ್ನಾ ವಾರ್ಡಿನ ಬಾಗಿಲಲ್ಲಿ ಕಂಡದ್ದೇ ತಡ, ಯಲ್ಲವ್ವ ಸೊಸೆಯ ಬಲಗೈಯನ್ನು ಕೌದಿಯೊಳಗೆ ತುರುಕಿ, ಅದರ ಅಂಚಿನ ಮೇಲೆ ತಾನೇ ಕುಳಿತುಬಿಟ್ಟಳು. ಚಚಡಿಯಿಂದ ಬೈಲಹೊಂಗಲದ ಆಸ್ಪತ್ರೆಯವರೆಗೆ ಹೊತ್ತು ತಂದಿದ್ದ ಕೌದಿ ಕೊನೆಗೂ ಹೀಗೆ ಉಪಯೋಗಕ್ಕೆ ಬಂತು. ಜ್ವರದಲ್ಲಿ ಅರೆಗಣ್ಣು ಮುಚ್ಚಿದ್ದ ಗಂಗಾ "ಅತ್ತೀ..." ಎಂದಳು. "ಸುಮ್ನಿರ ನನ್ನವ್ವ" ಎಂದು ಯಲ್ಲವ್ವ ಪಿಸುಗುಟ್ಟಿದಳು.

ಡಾಕ್ಟರ್ ಕಾಲಿನ ಪಟ್ಟಿ ಬಿಚ್ಚಿ ನೋಡಿ ನಿಟ್ಟುಸಿರಿಟ್ಟರು. ಮೊದಲು ಮೊಣಕಾಲ ಕೆಳಗೆ ಎದ್ದದ್ದು ಬಟಾಣಿಯಷ್ಟು ಗುಳ್ಳೆ. ಈಗ ಅಂಗೈ ಇಟ್ಟರೂ ಮುಚ್ಚದಷ್ಟು ಹುಣ್ಣು, ಸುತ್ತಲೂ ನೇರಳೆ ಬಣ್ಣದ ಅಂಚು.

"ಯಲ್ಲವ್ವಾರ, ಚರ್ಮದ ಕೆಳಗ ನಂಜು ಹರಡಾಕತ್ತೈತಿ ಅನಸ್ತೈತಿ. ಎರಡ ಸಲ ಕೆಟ್ಟ ಮಾಂಸ ತಗದ್ವಿ, ತಗದಂಗೆಲ್ಲಾ ಗಾಯ ದೊಡ್ಡದಾತು. ಇನ್ನ ಹಿಂಗ ಬಿಟ್ರ ಜೀವಕ್ಕ ಕುತ್ತು. ನಾಳೆ ಮುಂಜಾನಿ ಕಾಲು ತಗೀಬೇಕಾಗತೈತಿ."

ಯಲ್ಲವ್ವ ಸೊಸೆಯ ಕಾಲನ್ನೇ ನೋಡಿದಳು. ಮಗ ಶಂಕರೆಪ್ಪ ರಕ್ತ ತರಲು ಬೆಳಗಾವಿಗೆ ಹೋಗಿದ್ದ. ಮೊದಲೆಲ್ಲ ಗಂಗಾ ಬುತ್ತಿ ಹೊತ್ತು ಹೊಲಕ್ಕೆ ಹೊರಟಳೆಂದರೆ "ಸಾವಕಾಶ ಹೋಗವಾ, ನನಗ ರೆಕ್ಕಿಲ್ಲ" ಎಂದು ಹಿಂದಿನಿಂದ ಕೂಗಬೇಕಾಗುತ್ತಿತ್ತು. ಆ ಕಾಲು ನಾಳೆಯಿಂದ ಇರುವುದಿಲ್ಲವಂತೆ.

"ಮೈಯಾಗ ಬ್ಯಾರೆ ಎಲ್ಲೂ ಇಂಥಾ ಗಾಯ ಆಗಿಲ್ಲಲ್ಲ?" ಡಾಕ್ಟರ್ ಹೊರಡುತ್ತ ಕೇಳಿದರು.

"ಇಲ್ರಿ."

ಸುಳ್ಳು ಬಾಯಿಂದ ಸಲೀಸಾಗಿ ಜಾರಿತ್ತು. ಆದರೆ ಕೌದಿಯೊಳಗಿನ ಕೈ ಅವಳ ತೊಡೆಗೆ ಕೆಂಡದಂತೆ ಸುಡುತ್ತಿತ್ತು. ಹೇಳಿದರೆ ಕೈಯನ್ನೂ ತೆಗೆಯುತ್ತಾರೆ. ಹೇಳದೆ ಕೈ ಉಳಿಸಲು ಹೋಗಿ ಹುಡುಗಿಯೇ ಉಳಿಯದಿದ್ದರೆ?

"ಡಾಕ್ಟರಬಾಯಾರ," ಎಂದಳು, "ಒಂದ್ ವ್ಯಾಳೆ ಆಗಿದ್ರ... ಅದನ್ನೂ ತಗೀತೀರೇನ್ರಿ?"

ಡಾಕ್ಟರ್ ಗಕ್ಕನೆ ತಿರುಗಿ ನಿಂತರು.

ಆಗಿದ್ದಿಷ್ಟು. ಮೊದಲ ಆಪರೇಷನ್ನಿಗೆ ಗಂಗಾಳ ಬಳೆ ತೆಗೆಸಿದ್ದರು. ಗಂಡ ತೀರಿದಾಗ ತನ್ನ ಬಳೆ ಒಡೆದ ಸಪ್ಪಳ ಯಲ್ಲವ್ವನ ಕಿವಿಯಿಂದ ಇನ್ನೂ ಹೋಗಿರಲಿಲ್ಲ. ಸೊಸೆಯ ಬರಿಗೈ ನೋಡಲು ಅವಳಿಂದಾಗಲಿಲ್ಲ. ಯರಗಟ್ಟಿಯಿಂದ ಹಸಿರು ಗಾಜಿನ ಬಳೆ ತರಿಸಿ, ಯಾರೂ ಇಲ್ಲದ ಹೊತ್ತು ನೋಡಿ ಸಾಬೂನು ಹಚ್ಚಿ ಏರಿಸಿದಳು. ಬಾತ ಕೈಗೆ ಬಳೆ ಏರಲಿಲ್ಲ. ಚಟ್ಟೆಂದು ಒಡೆದು ಮಣಿಕಟ್ಟಿಗೆ ಚುಚ್ಚಿತು. ಮರುದಿನ ಅಲ್ಲಿ ಕೀವಿನ ಗುಳ್ಳೆ. ಅದರ ಮರುದಿನ ಹುಣ್ಣು, ಸುತ್ತ ಅದೇ ನೇರಳೆ ಅಂಚು. ತಾನೇ ಕೈಯಾರೆ ನಂಜು ಏರಿಸಿದೆನೆಂದು ಯಲ್ಲವ್ವ ಗೋಡೆಗೆ ಮುಖ ಮಾಡಿ ಅತ್ತಿದ್ದಳು.

ಅವಳು ಕೌದಿ ಸರಿಸಿದಳು. ಡಾಕ್ಟರ್ ಆ ಕೈಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಎಡಗೈಯಲ್ಲಿ ಸಲಾಯನ್ ಸೂಜಿ ಚುಚ್ಚಿದ್ದ ಜಾಗ ನೋಡಿದರು. ಅಲ್ಲಿಯೂ ಒಂದು ಗುಳ್ಳೆ ತಲೆ ಎತ್ತಿತ್ತು.

"ಎಲ್ಲೆಲ್ಲಿ ಚರ್ಮಕ್ಕ ಪೆಟ್ಟು ಬಿದ್ದೈತಿ, ಅಲ್ಲೆಲ್ಲಾ ಎದ್ದೈತಿ" ಎಂದು ತಮಗೆ ತಾವೇ ಹೇಳಿಕೊಂಡರು. "ಪರೀಕ್ಷಾದಾಗ ಕ್ರಿಮಿನೂ ಸಿಕ್ಕಿಲ್ಲ." ಮಂಚದ ಮೇಲೆ ಕುಳಿತು ಮೆಲ್ಲಗೆ ಕೇಳಿದರು: "ಗಂಗಾ, ಸಂಡಾಸಕ್ಕ ಹೋದಾಗ ರಕ್ತ ಹೋಗತಿತ್ತೇನು?"

ಗಂಗಾ ಅತ್ತೆಯ ಮುಖ ನೋಡಿ, ಕಣ್ಣು ಮುಚ್ಚಿ, ಹೌದೆಂದು ತಲೆಯಾಡಿಸಿದಳು. "ವರ್ಷ ಆತ್ರಿ."

"ಹುಚ್ಚಿ! ನನ್ನ ಮುಂದ ಯಾಕ ಹೇಳ್ಲಿಲ್ಲ?" ಎಂದಳು ಯಲ್ಲವ್ವ.

"ಅತ್ತಿ ಮುಂದ ಅದನ್ನ ಹೆಂಗ ಹೇಳೂದ್ರಿ?"

ತಾನೇ ಕೈ ಬಚ್ಚಿಟ್ಟ ಯಲ್ಲವ್ವನಿಗೆ ಮುಂದೆ ಬೈಯಲು ಮುಖವಿರಲಿಲ್ಲ.

"ಇದು ನಂಜಲ್ಲದಿರಬಹುದು," ಡಾಕ್ಟರ್ ಹೇಳಿದರು. "ಮೈ ಕಾಯೋ ರಕ್ತಾನೇ ದಾರಿ ತಪ್ಪಿ, ತನ್ನ ಚರ್ಮದ ಮ್ಯಾಲೇ ಸಿಟ್ಟು ಮಾಡ್ಕೊಂಡ್ರ ಹಿಂಗ ಆಗತೈತಿ. ಕರುಳಿನ ಬ್ಯಾನಿ ಇದ್ದವರಿಗೆ ಇದು ಹೆಚ್ಚು, ಸಂಡಾಸದಾಗಿನ ರಕ್ತ ಅದರ ಗುರುತು. ನೋಡಾಕ ಎರಡೂ ಒಂದ ಥರ. ನಂಜಿಗೆ ಕತ್ತರಿ ತಡ ಆದ್ರ ಜೀವ ಹೋಗತೈತಿ, ಇದಕ್ಕ ಕತ್ತರಿ ಮುಟ್ಟಿಸಿದ್ರ ಇನ್ನಷ್ಟು ಕೆರಳತೈತಿ. ನಾಳೆ ಆಪರೇಷನ್ ಬ್ಯಾಡ. ಈಗಿಂದೀಗ ಚರ್ಮದ ಡಾಕ್ಟರನ್ನ ಕರಸ್ತೇನಿ."

"ಕಾಲ್ರಿ?"

"ಉಳೀಬಹುದು."

"ಕೈ?"

"ಅದೂ ಉಳೀಬಹುದು. ಆದ್ರ, ಪೂರ್ತಿ ಆರಾಮಾಗೂ ತನಕ ಮೈಮ್ಯಾಲೆ ಒಂದ ಗೀರೂ ಬೀಳಬಾರದು. ಗಾಜಿನ ಬಳಿ ಅಂತೂ ಬ್ಯಾಡೇ ಬ್ಯಾಡ."

ಯಲ್ಲವ್ವ ಸೊಸೆಯ ಬೆರಳುಗಳನ್ನು ಕಣ್ಣಿಗೊತ್ತಿಕೊಂಡಳು. ಅಷ್ಟು ಹೊತ್ತು ತಡೆದಿದ್ದ ಅಳು ಆಗ ಒಡೆದು ಹರಿಯಿತು.

ಚರ್ಮದ ಡಾಕ್ಟರರೂ ಅದನ್ನೇ ಹೇಳಿದರು. ಗುಳಿಗೆ ಬದಲಾದವು. ದಿನ ಕಳೆದಂತೆ ನೇರಳೆ ಅಂಚು ಮಾಸಿತು, ಹುಣ್ಣು ತಳದಿಂದ ತುಂಬುತ್ತ ಬಂತು. ಬೇಸಿಗೆ ಮುಗಿಯುವ ಹೊತ್ತಿಗೆ ಅತ್ತೆ-ಸೊಸೆ ಚಚಡಿಯಲ್ಲಿ ಬಸ್ಸಿಳಿದರು. ಗಂಗಾ ತುಸು ಕುಂಟುತ್ತಿದ್ದಳು. ಅತ್ತೆ ಅವಳ ರಟ್ಟೆ ಹಿಡಿದಿದ್ದಳು.

ಕಟ್ಟೆಯ ಮೇಲಿದ್ದ ನೆರೆಮನೆಯ ಶಟ್ಟೆವ್ವನ ಕಣ್ಣು ನೆಟ್ಟಗೆ ಹೋದದ್ದು ಗಂಗಾಳ ಮಣಿಕಟ್ಟಿಗೆ. ಗಲ್ಲಕ್ಕೆ ಕೈ ಹಚ್ಚಿ ಕೂಗಿದಳು: "ಅಯ್ಯ ನಮ್ಮವ್ವಾ! ಗಂಡ ಗಟ್ಟಿ ಇರೂವಾಗ ಸೊಸಿ ಕೈ ಹಿಂಗ ಬರೇ ಇಟ್ಟೀಯಲ್ಲ ಯಲ್ಲವ್ವಾ!"

ಯಲ್ಲವ್ವ ಸೊಸೆಯ ರಟ್ಟೆ ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿದಳು. ಗಂಗಾ ಒಬ್ಬಳೇ ಮುಂದೆ ನಡೆದಳು.

"ಕೈ ಏನ್ ನೋಡ್ತೀಯ ಶಟ್ಟೆವ್ವಾ," ಎಂದಳು ಯಲ್ಲವ್ವ, "ಕಾಲ್ ನೋಡು."